ಹುಲ್ಲುಹಾಸಿನಡಿಯ ಪೆಟ್ಟಿಗೆ

ನೆಲಕ್ಕೆ ಸುತ್ತಿಗೆಯಿಂದ ಹೊಡೆದಾಗ ಏಳುವ ಕಂಪನ, ಒಳಗೆ ಹೂತಿರುವ ವಸ್ತುವಿಗೆ ಬಡಿದು ಹೇಗೆ ಚದುರುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ. ಸಂಸ್ಥೆಯವರು ಅವಳನ್ನು ಸುತ್ತಿಗೆಯಮ್ಮ ಎನ್ನುತ್ತಿದ್ದರು. ಮನೆಯಲ್ಲಿ ಅತ್ತೆ, "ಇಷ್ಟು ವರ್ಷ ನೆಲ ಕುಟ್ಟಿದೀಯಲ್ಲಮ್ಮ, ಒಂದು ಇಲಿಯಾದ್ರೂ ಸಿಕ್ತಾ?" ಎಂದು ಕೇಳುತ್ತಿದ್ದರು.

ನಿರ್ದೇಶಕರಿಗೆ ಈ ವಿದ್ಯೆಯ ಗಂಧಗಾಳಿಯೂ ಇರಲಿಲ್ಲ. ಅವಳು ಬರೆದ ಲೇಖನಗಳಲ್ಲಿ ಮೊದಲ ಹೆಸರು ಮಾತ್ರ ಅವರದೇ.

ಒಂದು ದಿನ ಸರ್ಕಾರದ ದೊಡ್ಡ ಅಧಿಕಾರಿ, ಕಟ್ಟುನಿಟ್ಟಿನ ಹೆಂಗಸು, ಈ ಕೆಲಸ ನೋಡಲು ಬಂದರು. ನಿರ್ದೇಶಕರು ಹಿತ್ತಲಲ್ಲಿ ಒಂದು ಡ್ರಮ್ ಹೂಳಿಸಿ, ಎಲ್ಲಿ ಹೂತಿದೆಯೆಂದು ಸುತ್ತಿಗೆಯಮ್ಮನ ಕಿವಿಯಲ್ಲಿ ಊದಿಯೂ ಇದ್ದರು. ಆದರೆ ಅಧಿಕಾರಿ ಕಾರಿಳಿದವರೇ ಕಟ್ಟಡದ ಮುಂದಿನ ಹುಲ್ಲುಹಾಸಿನಲ್ಲಿ ಮರದ ನೆರಳಿಗೆ ನಿಂತುಬಿಟ್ಟರು.

"ಬಿಸಿಲಲ್ಲಿ ನಾನು ಬರಲ್ಲ. ಇಲ್ಲೇ ಹೊಡೀರಿ."

"ಇಲ್ಲಿ ಒಳಗೆ ಏನೂ ಇಲ್ಲ ಮೇಡಂ," ಎಂದರು ನಿರ್ದೇಶಕರು.

"ನಿಮಗೆ ಹೇಗೆ ಗೊತ್ತು?"

ನಿರ್ದೇಶಕರು ಟೈ ಸರಿಮಾಡಿಕೊಂಡರು.

ಸುತ್ತಿಗೆಯಮ್ಮ ಕಂಪನ ಹಿಡಿಯುವ ಉಪಕರಣಗಳನ್ನು ಸಾಲಾಗಿ ನೆಟ್ಟು, ಸೆರಗು ಸಿಕ್ಕಿಸಿ, ಸುತ್ತಿಗೆ ಬೀಸಿದಳು. ಕಂಪ್ಯೂಟರಿನ ನೆಲದಲ್ಲಿ ಬಂಡೆ ಇಟ್ಟು ಲೆಕ್ಕ ಮಾಡಿದಳು, ಹೊಂದಲಿಲ್ಲ. ಕೊಳವೆ ಇಟ್ಟಳು, ಅದೂ ಹೊಂದಲಿಲ್ಲ. ಪೆಟ್ಟಿಗೆ ಇಟ್ಟಾಗ, ನೆಲದಿಂದ ಬಂದ ಅಲೆಯೂ ಲೆಕ್ಕದ ಅಲೆಯೂ ಒಂದರ ಮೇಲೊಂದು ಕೂತವು.

"ಮೊಣಕಾಲಾಳದಲ್ಲಿ ಲೋಹದ ಪೆಟ್ಟಿಗೆ ಇದೆ ಸರ್."

"ಅದು ಬರೀ ರಸ್ತೆಯ ಗದ್ದಲ. ಅಳಿಸಮ್ಮ."

"ಗದ್ದಲಕ್ಕೆ ನಾಲ್ಕು ಮೂಲೆ ಇರಲ್ಲ ಸರ್."

"ಅಗೆಸಿ," ಎಂದರು ಅಧಿಕಾರಿ.

ಮಾಲಿ ಅಗೆದ. ಮೇಲೆ ಬಂದದ್ದು ಸಂಸ್ಥೆಯ ಮುದ್ರೆಯಿದ್ದ, ಪೆಟ್ಟಿಗೆಯಾಕಾರದ ದುಬಾರಿ ಯಂತ್ರ. ಕಳ್ಳರು ಹೊತ್ತೊಯ್ದರೆಂದು ಹಿಂದೆ ನಿರ್ದೇಶಕರೇ ಪೊಲೀಸರಿಗೆ ದೂರು ಕೊಟ್ಟಿದ್ದ ಯಂತ್ರ. ವಿದ್ಯೆ ತಿಳಿಯದವರು ತಂತಿ ತಪ್ಪಾಗಿ ಜೋಡಿಸಿ ಸುಟ್ಟ ಕರಿ ಗುರುತು ಅದರ ಮೈಮೇಲೆ ಹಾಗೇ ಇತ್ತು.

ನಿರ್ದೇಶಕರ ಮುಖ ಬಿಳಿಚಿತು. ಆದರೆ ಇಷ್ಟು ವರ್ಷ ಕುರ್ಚಿ ಉಳಿಸಿಕೊಂಡವರು ಅವರು, ಸುಮ್ಮನೆ ಅಲ್ಲ.

"ಪರೀಕ್ಷೆ ಪ್ರಾಮಾಣಿಕವಾಗಿರಲಿ ಅಂತ ನಾನೇ ಹೂತಿಟ್ಟಿದ್ದೆ ಮೇಡಂ. ಒಬ್ಬರಿಗೂ ಹೇಳಿರಲಿಲ್ಲ."

ಅರ್ಧ ನಿಜವೇ. ಅಧಿಕಾರಿ ಚಪ್ಪಾಳೆ ತಟ್ಟಿದರು, ಅವರನ್ನು ನೋಡಿ ಉಳಿದವರೂ ತಟ್ಟಿದರು. "ಯಾವ ವರ್ಷ ಹೂತಿದ್ದು ಸರ್?" ಎಂದು ಸುತ್ತಿಗೆಯಮ್ಮ ಕೇಳಿದ್ದು ಆ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ನಿರ್ದೇಶಕರಿಗೆ ಬಡ್ತಿ ಸಿಕ್ಕಿತು. ಅವಳಿಗೆ ಸಿಕ್ಕಿದ್ದು ಇಡೀ ಆವರಣವನ್ನು ಹೀಗೆಯೇ ಪರೀಕ್ಷಿಸಬೇಕೆಂಬ ಆದೇಶ. ಸುತ್ತಿಗೆ ಹಿಡಿದು ಹೊರಟರೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಒಬ್ಬ ವಿಭಾಗ ಮುಖ್ಯಸ್ಥರಿಗೆ ಗಿಡದ ಬೇರು ನಾಜೂಕೆಂಬ ನೆಪ, ಇನ್ನೊಬ್ಬರಿಗೆ ಗೋಡೆ ಹಳೇದೆಂಬ ನೆಪ. ರಸಾಯನ ವಿಭಾಗದವರಂತೂ ಮರುದಿನವೇ ತಮ್ಮ ಹೂದೋಟಕ್ಕೆಲ್ಲ ಕಾಂಕ್ರೀಟು ಸುರಿಸಿಬಿಟ್ಟರು.