ಏರಿ ಹತ್ತುವಾಗಿನ ನಿದ್ದೆ

ಪಿರಿಯಾಪಟ್ಟಣದ ರೇಣುಕಾಪ್ರಸಾದರು ಕಾರಿನ ಬಾಗಿಲನ್ನು ಎಂದೂ ದಡಾರೆಂದು ಹಾಕಿದವರಲ್ಲ. ಮಲಗಿದ ಮಗುವಿಗೆ ಹೊದಿಸುವಂತೆ ಮೆಲ್ಲಗೆ ಒತ್ತಿ, ಅದು ಕಚ್ಚಿಕೊಂಡಿತೇ ಎಂದು ಕಿವಿಗೊಟ್ಟು, ಆಮೇಲೆಯೇ ಉಸಿರು ಬಿಡುವರು. ಸುಡುವ ಬೇಸಿಗೆಯಲ್ಲೂ ಬಿಚ್ಚದ ಕಂದು ಬಣ್ಣದ ತೋಳಿಲ್ಲದ ಸ್ವೆಟರು. ಅದರ ಜೇಬಿನಲ್ಲಿ ಸವೆದ ರಬ್ಬರ್ ಬುಷ್ಷೊಂದು, ಕಾರಿನ ಸ್ಪ್ರಿಂಗ್ ಪಟ್ಟಿಯ ತುದಿಗೆ ಕೂರಿಸುವ ಬಳೆಯಂಥದ್ದು. ಮಾತಾಡುವಾಗೆಲ್ಲ ಹೆಬ್ಬೆರಳು ಅದನ್ನು ಅಮುಕುತ್ತಲೇ ಇರುತ್ತದೆ. ಯಾರೇನು ಕೇಳಿದರೂ ಮೊದಲು "ತಡೀರಿ, ನೋಡಾನ" ಎನ್ನುವುದು ವಾಡಿಕೆ. ಹೊಗೆಸೊಪ್ಪಿನ ವ್ಯಾಪಾರವನ್ನು ತಮ್ಮನ ಕೈಗೊಪ್ಪಿಸಿದ ಮೇಲೆ ಈ ಮನುಷ್ಯನ ತಲೆಗೆ ಹತ್ತಿದ್ದು ಒಂದೇ ಗೀಳು: ಹಳೆಯ ಅಂಬಾಸಿಡರಿನ ಹಿಂದಿನ ಚಕ್ರಗಳ ಕುಣಿತ.

ಗೀಳಿಗೆ ಕಾರಣ ಹೆಂಡತಿ ಪ್ರೇಮಮ್ಮ. ಆಪರೇಷನ್ ಆದಂದಿನಿಂದ ಆಕೆಗೆ ಹಾಸಿಗೆಯಲ್ಲಿ ನಿದ್ದೆ ಸುಳಿಯದು. ಮಧ್ಯಾಹ್ನ ಹುಣಸೂರಿನ ಕಡೆ ಹೋಗಿಬರುವಾಗ ಹಿಂದಿನ ಸೀಟಿನಲ್ಲಿ ಮಾತ್ರ ಕಣ್ಣು ಮುಚ್ಚುವುದು. ಆದರೆ ಮನೆ ಹತ್ತಿರದ ಕೆರೆ ಏರಿ ಹತ್ತಲು ಆಕ್ಸಿಲರೇಟರ್ ಒತ್ತಿದರೆ ಸಾಕು, ಸಡಿಲ ಬುಷ್ಷಿನೊಳಗೆ ಹಿಂದಿನ ಚಕ್ರಗಳನ್ನು ಹಿಡಿದ ಸ್ಪ್ರಿಂಗ್ ಪಟ್ಟಿ ಹೊರಳಿ ಚಕ್ರಗಳು ದಡದಡ ಜಿಗಿಯುವವು. ಅಷ್ಟು ಹೊತ್ತು ಕಾಪಾಡಿಕೊಂಡು ಬಂದ ನಿದ್ದೆ ಮಣ್ಣುಪಾಲಾಗುವುದು.

ಹುಣಸೂರಿನ ಲೇತ್ ಅಂಗಡಿಯ ಚಿಕ್ಕಣ್ಣ ಎಲ್ಲ ಬುಷ್ಷನ್ನೂ ಗಟ್ಟಿ ನೈಲಾನಿನಲ್ಲಿ ಕಡೆದುಕೊಟ್ಟ. "ಇನ್ನು ಅಲ್ಲಾಡಕಿಲ್ಲ ಬುಡಿ ಯಜಮಾನ್ರೇ, ಕಲ್ಲಿದ್ದಂಗವೆ." ಕುಣಿತವೇನೋ ನಿಂತಿತು. ಆದರೆ ರಸ್ತೆಯ ಹರಳುಹರಳೂ ಸೀಟಿಗೆ ಬಂದು ಬಡಿಯತೊಡಗಿ, ಪ್ರೇಮಮ್ಮ ದಾರಿಯುದ್ದಕ್ಕೂ ಕಣ್ಣು ಬಿಟ್ಟೇ ಕೂತರು. "ಚೆನ್ನಾಗದೆ ಕಣ್ರೀ" ಎಂದರು, ಗಂಡನ ಮುಖ ನೋಡಲಾರದೆ. ಅದು ಸುಳ್ಳೆಂದು ರೇಣುಕಾಪ್ರಸಾದರಿಗೆ ತಿಳಿಯಿತು.

ಎಷ್ಟೋ ದಿನ ಜೇಬಿನಲ್ಲಿ ಹೆಬ್ಬೆರಳು ಆಡಿತು. ಕೊನೆಗೆ ಹೊಳೆಯಿತು: ಚಕ್ರವನ್ನು ಹಿಡಿದಿಡುವುದು ಪಟ್ಟಿಯ ಮುಂತುದಿ, ರಸ್ತೆಗೆ ತಕ್ಕಂತೆ ಬಳುಕಬೇಕಾದ್ದು ಹಿಂತುದಿ. ಮುಂದೆ ನೈಲಾನನ್ನೇ ಉಳಿಸಿ, ಹಿಂದೆ ಹೊಸ ರಬ್ಬರು ಕೂರಿಸಿದರು.

ಆ ಮಧ್ಯಾಹ್ನ ಬಿಸಿಲಿಗೂ ಜೋಂಪು ಹತ್ತಿದಂತಿತ್ತು. ಹೊಗೆಸೊಪ್ಪಿನ ಹೊಲಗಳು ಕಿಟಕಿಯಲ್ಲಿ ಹಸಿರಾಗಿ ತೇಲಿ ಹಿಂದಾದವು. ಏರಿ ಬಂತು, ಕಾರು ಒಂದಿಷ್ಟೂ ಕುಣಿಯದೆ ಮೇಲೇರಿತು. ಕನ್ನಡಿಯಲ್ಲಿ ಪ್ರೇಮಮ್ಮನ ತಲೆ ವಾಲಿತ್ತು, ಬಾಯಿ ತುಸು ತೆರೆದಿತ್ತು. ಮನೆ ಬಂತು, ಕಾರು ಅಂಗಳಕ್ಕೆ ತಿರುಗಲಿಲ್ಲ. ಜಗಲಿಯ ಮೇಲಿದ್ದ ತಮ್ಮ ಬಸವಪ್ರಸಾದ್ "ಯಾಕಣ್ಣ, ಎಲ್ಲಿಗೆ?" ಎಂದು ಎದ್ದು ನಿಂತ. ರೇಣುಕಾಪ್ರಸಾದರು ತುಟಿಯ ಮೇಲೆ ಬೆರಳಿಟ್ಟು, ಕಾರು ನಿಲ್ಲಿಸದೆ ಕೊಡಗಿನ ದಾರಿ ಹಿಡಿದರು.

ಲೋಕವನ್ನೆಲ್ಲ ನುಣ್ಣಗೆ ಮಾಡಲಾಗದೆಂದು ಇಂಥವರಿಗೆ ಗೊತ್ತು. ಪ್ರೀತಿಯೆಂಬ ಮಾತು ಇವರ ಬಾಯಿಗೆ ಬರುವುದೂ ಇಲ್ಲ. ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲ ಬಿಡಬೇಕು ಎಂದು ಹುಡುಕುತ್ತಲೇ ಆಯುಷ್ಯ ಸವೆಸುತ್ತಾರೆ. ಅದು ಸಿಕ್ಕಿದ ದಿನ ಯಾರಿಗೂ ಹೇಳದೆ, ತಮ್ಮ ಮನೆಯನ್ನೇ ದಾಟಿಕೊಂಡು, ಸುಮ್ಮನೆ ಮುಂದೆ ಹೋಗುತ್ತಾರೆ.