ಜುಲೈಯವನ ಆಮೆ, ಆಗಸ್ಟಿನವಳ ಮೂಲೆ

ರಜೆಯ ವಿಷಯಕ್ಕೆ ಬಂದರೆ ನಮ್ಮ ದೇಶದಲ್ಲಿ ಎರಡೇ ಜಾತಿ: ಜುಲೈಯವರು, ಆಗಸ್ಟಿನವರು. ಮದುವೆಯಾಗಿದ್ದಷ್ಟು ಕಾಲ ನಾನೂ ಕ್ಲೆಲಿಯಾಳೂ ಆಗಸ್ಟಿನವರಾಗಿದ್ದೆವು. ಬೇರೆಯಾದ ಮೇಲೆ ಅವಳು ಆಗಸ್ಟಿನಲ್ಲೇ ಉಳಿದಳು, ನನ್ನನ್ನು ಜುಲೈಗೆ ತಳ್ಳಿದರು. ದಕ್ಷಿಣದ ಉಜೆಸ್ ಪಟ್ಟಣದ ಪಕ್ಕದ ಹಳ್ಳಿಯಲ್ಲಿರುವ ರಜೆಮನೆಯನ್ನು ಮಾರಲು ಇಬ್ಬರಿಗೂ ಮನಸ್ಸಿರಲಿಲ್ಲ. ಹಾವೂ ಸಾಯದಂತೆ, ಕೋಲೂ ಮುರಿಯದಂತೆ ವಕೀಲರು ಒಂದು ಒಪ್ಪಂದ ಮಾಡಿಸಿದರು. ಜುಲೈ ಕೊನೆಯ ದಿನ ಮಧ್ಯಾಹ್ನದೊಳಗೆ ನಾನು ಹೊರಡಬೇಕು, ಸಂಜೆ ಅವಳು ಬರಬೇಕು. ಬೀಗದ ಕೈ ಪಕ್ಕದ ಮನೆಯ ಮದಾಮ್ ಫಾಬ್ರೆಗ್ ಹತ್ತಿರ. ಭೇಟಿಯಿಲ್ಲ, ಮಾತಿಲ್ಲ. ಆರು ಬೇಸಿಗೆ ಹೀಗೇ ಕಳೆದವು.

ನಮ್ಮ ನಡುವೆ ಉಳಿದದ್ದು ಒಂದು ಈಜುಕೊಳ ಮತ್ತು ಅದರ ತಳ ಗುಡಿಸುವ ಯಂತ್ರ. ಅದನ್ನು ಕೊಂಡ ದಿನದಿಂದಲೂ ಆಮೆ ಎಂದೇ ಕರೆಯುತ್ತಿದ್ದೆವು. ಪಂಪು ನೀರೆಳೆಯುವ ರಭಸಕ್ಕೆ ಅದು ಉದ್ದನೆಯ ಪೈಪಿನ ತುದಿಯಲ್ಲಿ ತೆವಳುತ್ತಾ ಎಲೆ, ಮಣ್ಣು ಎಲ್ಲವನ್ನೂ ನುಂಗಬೇಕು. ನುಂಗುತ್ತಲೂ ಇತ್ತು. ಆದರೆ ಮೆಟ್ಟಿಲ ಪಕ್ಕದ ಮೂಲೆಗೆ ಮಾತ್ರ ಸತ್ತರೂ ಹೋಗುತ್ತಿರಲಿಲ್ಲ. ಆ ಮೂಲೆ ಪ್ರತಿ ವರ್ಷ ಪಾಚಿಗಟ್ಟಿ ಜಾರುತ್ತಿತ್ತು.

ನಾನು ಲಿಯಾನಿನಲ್ಲಿ ಕಾರು ಓಡಿಸಲು ಕಲಿಸುವವನು. ತಪ್ಪು ಕಂಡರೆ ಬಾಯಿ ಮುಚ್ಚಿಕೊಂಡಿರುವ ಜನ್ಮವಲ್ಲ. ಜುಲೈ ಬಂತೆಂದರೆ ಚೀಲ ಇಳಿಸುವ ಮೊದಲೇ ಕೊಳದ ಹತ್ತಿರ ಹೋಗಿ, ನೀರು ಒಳಬರುವ ನಳಿಕೆಯನ್ನು ಬಲಕ್ಕೆ ತಿರುಗಿಸುತ್ತಿದ್ದೆ, ಫಿಲ್ಟರ್ ತೊಳೆಯುತ್ತಿದ್ದೆ, ಕ್ಲೆಲಿಯಾಳನ್ನು ಬೈಯುತ್ತಿದ್ದೆ. ಎಲೆ ಹಿಡಿಯುವ ಬುಟ್ಟಿಯಲ್ಲಿ ಅವಳ ಹೇರ್‌ಪಿನ್ ಒಂದಾದರೂ ಸಿಗುತ್ತಿತ್ತು. ಬೈಗುಳ ಅಲ್ಲಿಗೆ ನಿಲ್ಲುತ್ತಿತ್ತು. ನಿಜ ಹೇಳಿಬಿಡುತ್ತೇನೆ: ವರ್ಷವಿಡೀ ನಾನು ಕಾಯುತ್ತಿದ್ದದ್ದು ಬಿಸಿಲಿಗೂ ಅಲ್ಲ, ಈಜಿಗೂ ಅಲ್ಲ. ಅವಳೊಂದಿಗೆ ಒಂದೇ ತಿಂಗಳಲ್ಲಿ, ಒಂದೇ ಮೇಜಿಗೆ ಕೂರುವ ಆಸೆ ನನ್ನನ್ನು ಬಿಟ್ಟೇ ಇರಲಿಲ್ಲ. ಅದಕ್ಕೆ ದಾರಿ ಕಾಣದೆ ಅವಳ ಮೇಲಿನ ಕೋಪವನ್ನು ಆಮೆಯ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಈ ವರ್ಷ ಮದಾಮ್ ಫಾಬ್ರೆಗ್ ಏಪ್ರಿಕಾಟ್ ಹಣ್ಣು ಹಿಡಿದು ಬಂದಾಗ ನಾನು ಮಂಡಿಯೂರಿ ನೀರಿಗೆ ಕೈ ಹಾಕಿದ್ದೆ. ಎಂಬತ್ತು ದಾಟಿದರೂ ಆಕೆಯ ನಾಲಿಗೆಗೆ ಮಾತ್ರ ವಯಸ್ಸಾಗಿಲ್ಲ.

"ಏನೋ ಅನ್ಸೆಲ್ಮ್, ಮತ್ತೆ ಅದೇ ಮೂಲೇನಾ?"

"ಏನ್ ಮಾಡ್ಲಿ ಮದಾಮ್. ಅವಳಿಗೆ ಯಾವುದರ ಮೇಲೂ ನಿಗಾ ಇಲ್ಲ. ಪ್ರತಿ ಸಲ ಈ ನಳಿಕೇನ ಎಡಕ್ಕೆ ತಿರುಗಿಸಿ ಹೋಗ್ತಾಳೆ ನೋಡಿ."

"ಅವಳೂ ಇದನ್ನೇ ಅಂತಾಳಲ್ಲೋ. ಇದೇ ಜಾಗದಲ್ಲಿ, ಹಿಂಗೇ ಮಂಡಿ ಊರ್ಕೊಂಡು. 'ಆ ಮನುಷ್ಯ ಮತ್ತೆ ಬಲಕ್ಕೆ ತಿರುಗ್ಸಿ ಹೋಗಿದಾನೆ, ಮೂಲೆ ನೋಡಿ ಹೆಂಗಿದೆ' ಅಂತ."

ನಾನು ಹಾಗೇ ಕುಳಿತುಬಿಟ್ಟೆ. ಎತ್ತು ಏರಿಗೆ, ಕೋಣ ನೀರಿಗೆ. ನಾನು ಮಾಡಿದ ರಿಪೇರಿಯನ್ನು ಅವಳು ರಿಪೇರಿ ಮಾಡುತ್ತಿದ್ದಳು, ಅವಳದ್ದನ್ನು ನಾನು.

"ಒಂದು ಫೋನ್ ಮಾಡು ಅವಳಿಗೆ."

"ಒಪ್ಪಂದದಲ್ಲಿ ಹಾಗಿಲ್ಲ ಮದಾಮ್."

"ಒಪ್ಪಂದ ಮಾಡ್ಸಿದ ವಕೀಲ ಬಂದು ಪಾಚಿ ಕೆರೀತಾನಾ? ಮಾಡೋ ಮಾರಾಯ. ಇಬ್ಬರ ದೂರೂ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ."

ಸಂಜೆ ಒಂದು ಲೋಟ ಪಾಸ್ತಿಸ್ ಮದ್ಯಕ್ಕೆ ನೀರು ಬೆರೆಸಿಕೊಂಡು, ಅದನ್ನು ಕುಡಿಯದೆ ಮುಂದಿಟ್ಟುಕೊಂಡು, ಅವಳಿರುವ ತುಲೂಸಿಗೆ ಫೋನ್ ಮಾಡಿದೆ.

"ಅನ್ಸೆಲ್ಮ್?" ಕ್ಲೆಲಿಯಾಳ ದನಿ ಗಾಬರಿಯಾಗಿತ್ತು. "ಯಾರು ಹೋದ್ರು?"

"ಯಾರೂ ಹೋಗಿಲ್ಲ. ಆಮೆನೂ ಹೋಗ್ತಿಲ್ಲ, ಆ ಮೂಲೆಗೆ."

ಅವಳು ನಕ್ಕಳು. ಆರು ವರ್ಷದಿಂದ ಕೇಳದ ನಗು.

ನಳಿಕೆಯ ಜಗಳ ಆಡಿದೆವು. ಬಲಕ್ಕೆ ಅಂದೆ, ಎಡಕ್ಕೆ ಅಂದಳು. ಆಮೇಲೆ ಅವಳೇ ತಡೆದು ಯೋಚಿಸಿದಳು. "ಯಾವ ಕಡೆ ತಿರುಗ್ಸಿದ್ರೂ ಕೊಳದ ನೀರು ಗುಂಡಗೆ ಸುತ್ತುತ್ತಲ್ವಾ? ಪೈಪೂ ಅದರ ಜೊತೇನೇ ಸುತ್ತುತ್ತೆ. ಆಮೆ ಪಾಪ ಹೋದ ದಾರೀಲೇ ಹೋಗುತ್ತೆ. ಎಡಾನೂ ಬೇಡ, ಬಲಾನೂ ಬೇಡ. ಕೆಳಕ್ಕೆ ತಿರುಗ್ಸು."

ಮರುದಿನ ಹಾಗೇ ಮಾಡಿದೆ. ಆಮೆ ಹೊಸ ಹೊಸ ದಾರಿ ಹಿಡಿಯಿತು. ಆದರೆ ಮೂಲೆಗೆ ಒಂದು ಮೊಳ ಇರುವಾಗ ಪೈಪು ಬಿಗಿದು ನಿಂತಿತು. ಮತ್ತೆ ಫೋನ್ ಮಾಡಲು ಕಾರಣ ಸಿಕ್ಕಿದ್ದಕ್ಕೆ ನನಗೆ ಎಷ್ಟು ಖುಷಿಯಾಯಿತೆಂದರೆ, ಸಂಜೆಯವರೆಗೆ ಕಾಯುವುದೇ ಕಷ್ಟವಾಯಿತು.

"ಪೈಪು ಸಾಲ್ತಿಲ್ಲ. ಒಂದು ತುಂಡು ಕಾಣ್ತಾ ಇಲ್ಲ."

"ಶೆಡ್ಡಲ್ಲಿದೆ, ಕುರ್ಚಿಗಳ ಹಿಂದೆ. ಸಿಕ್ಕಾಗ್ತಿತ್ತು, ತೆಗ್ದಿಟ್ಟೆ."

"ತೆಗ್ದಿಟ್ಟಿದ್ದನ್ನ ಹೇಳಬಾರದಾ?"

"ಯಾರಿಗೆ ಹೇಳ್ಲಿ? ಮಾತಾಡಲ್ಲ ಅಂತ ಸಹಿ ಹಾಕಿದೀವಲ್ಲ."

ತುಂಡು ಸಿಕ್ಕಿತು. ಆದರೆ ಚಳಿಗಾಲವಿಡೀ ಸುರುಳಿ ಸುತ್ತಿಟ್ಟಿದ್ದ ಪೈಪು ನೀರಿನಲ್ಲೂ ಸುರುಳಿಯಾಗಿಯೇ ನಿಲ್ಲುತ್ತಿತ್ತು, ಆಮೆಯನ್ನು ಪಕ್ಕಕ್ಕೆ ಎಳೆಯುತ್ತಿತ್ತು. ಅದನ್ನು ಹೇಳಿದಾಗ ಕ್ಲೆಲಿಯಾ, "ಸುರುಳಿ ಸುತ್ತಿ ಇಡು ಅಂತ ಪಾಠ ಮಾಡಿದ್ದು ನೀನೇ. ನಾನು ನೆಟ್ಟಗೆ ಮಲಗಿಸಿದ್ದೆ, ನೀನು ಬೈದು ಸುತ್ತಿಸಿದೆ," ಎಂದಳು. "ಈಗ ತೆಗ್ದು ಬಿಸಿಲಲ್ಲಿ ನೆಟ್ಟಗೆ ಮಲಗ್ಸು, ಸರಿಯಾಗುತ್ತೆ."

"ಅದು ನನಗೆ ಗೊತ್ತು."

"ನಿಂಗೆ ಯಾವಾಗ್ಲೂ ಗೊತ್ತು." ಆಮೇಲೆ ಮೆಲ್ಲಗೆ ಹೇಳಿದಳು. "ಕಲಿಸೋ ಕಾರಲ್ಲಿ ನಿನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತಲ್ಲ. ಮನೇಲೂ ಇತ್ತು ಅನ್ಸೆಲ್ಮ್. ನಾನು ಹೊರಟಾಗೆಲ್ಲ ನೀನು ಅದನ್ನ ಒತ್ತಿದೆ."

ಉತ್ತರಕ್ಕೆ ಅವಳು ಕಾಯಲಿಲ್ಲ. "ಜೀರುಂಡೆ ಕೇಳಿಸ್ತಿದೆ," ಎಂದಳು. "ಇಲ್ಲಿ ಬರೀ ಬಸ್ಸು. ಫೋನ್ ಸ್ವಲ್ಪ ಹಾಗೇ ಹೊರಗೆ ಹಿಡಿ."

ಪೈನ್ ಮರದ ಕಡೆಗೆ ಫೋನ್ ಹಿಡಿದು ನಿಂತೆ. ಭುಜ ನೋವು ಬರುವವರೆಗೂ ಹಿಡಿದೆ. ಪಕ್ಕದ ಅಂಗಳದಿಂದ ಮದಾಮ್ ಫಾಬ್ರೆಗ್ ನೋಡಿ, ಈತನಿಗೆ ಬಿಸಿಲು ತಲೆಗೇರಿದೆ ಎಂಬಂತೆ ತಲೆಯಾಡಿಸಿ ಒಳಗೆ ಹೋದರು. ನನಗೆ ಅವಳು ಬೇಕಾಗಿತ್ತು. ಫೋನಿನಲ್ಲಲ್ಲ, ಅಲ್ಲಿ, ಆ ಮರದ ಕೆಳಗೆ, ಒದ್ದೆ ಕೂದಲು ಹಿಂಡುತ್ತಾ.

ಆಮೇಲೆ ಮೋಡ ಬಂತು, ಪೈಪು ನೆಟ್ಟಗಾಗಲು ವಾರಗಳೇ ಹಿಡಿದವು. ಪ್ರತಿ ಸಂಜೆ ಪೈಪಿನ ಆರೋಗ್ಯ ವಿಚಾರಿಸಲು ಅವಳೇ ಫೋನ್ ಮಾಡುತ್ತಿದ್ದಳು. ಹೊರಡುವ ದಿನ ಬೆಳಿಗ್ಗೆ ಪೈಪು ಜೋಡಿಸಿ ಪಂಪು ಹಾಕಿದೆ. ಆಮೆ ಆಳದ ಕಡೆಯಿಂದ ಬಂತು, ಮೆಟ್ಟಿಲಿಗೆ ಮೂತಿ ತಾಗಿಸಿತು, ತಿರುಗಿತು, ಆ ಮೂಲೆಗೆ ಹೋಯಿತು. ಪಾಚಿ ಎದ್ದು ಮಾಯವಾಯಿತು. ಬಿಳಿ ಟೈಲ್ಸ್ ಕಂಡಾಗ ಕುಣಿಯಬೇಕಿತ್ತು. ಇನ್ನು ಫೋನ್ ಮಾಡಲು ಕಾರಣವಿಲ್ಲ ಎಂದುಕೊಂಡು ಪಂಪು ಆರಿಸಿದೆ.

ಫೋನ್ ಬಂತು. "ಹೋಯ್ತಾ?"

ಇಲ್ಲ ಎಂದುಬಿಟ್ಟರೆ ಸಾಕಿತ್ತು. ಸಂಜೆಯವರೆಗೆ ಇದ್ದು ತೋರಿಸುತ್ತೇನೆ ಎನ್ನಬಹುದಿತ್ತು. ಆದರೆ ಮತ್ತೆ ಅವಳ ದಾರಿಗೆ ಕಾಲು ಚಾಚುವುದು ನನಗೆ ಬೇಡವಾಗಿತ್ತು.

"ಹೋಯ್ತು. ಒಂದು ಎಲೇನೂ ಬಿಟ್ಟಿಲ್ಲ."

"ಹಾಗಾದ್ರೆ ಆಯ್ತಲ್ಲ," ಎಂದಳು. ದನಿಯಲ್ಲಿ ಖುಷಿಯೂ ಇರಲಿಲ್ಲ, ಬೇಸರವೂ ಇರಲಿಲ್ಲ. ನಾನು ಬೀಗದ ಕೈ ಮದಾಮ್ ಫಾಬ್ರೆಗ್‌ಗೆ ಕೊಟ್ಟು ಮಧ್ಯಾಹ್ನಕ್ಕೆ ಮೊದಲೇ ಹೊರಟೆ. ಹೆದ್ದಾರಿಯ ಎದುರು ಬದಿಯಲ್ಲಿ ಆಗಸ್ಟಿನವರು ಸಾಲುಗಟ್ಟಿ ಬರುತ್ತಿದ್ದರು. ಅವಳು ಬರುವುದು ಬೇರೆ ರಸ್ತೆಯಲ್ಲಿ ಎಂದು ಗೊತ್ತಿದ್ದೂ ಒಂದೊಂದೇ ಕಾರಿನೊಳಗೆ ಇಣುಕಿದೆ.

ಆಗಸ್ಟಿನ ಲಿಯಾನ್ ಅಂದರೆ ಕದ ಹಾಕಿದ ಊರು. ಬೇಕರಿಯೂ ಇಲ್ಲ. ಒಂದು ಸಂಜೆ ಒಬ್ಬನಿಗಾಗಿ ಮೊಟ್ಟೆ ಬೇಯಿಸುತ್ತಿದ್ದಾಗ ಫೋನ್ ಹೊಡೆದುಕೊಂಡಿತು.

"ಆಮೆ ಮೂಲೆಗೆ ಹೋಗ್ತಿಲ್ಲ," ಎಂದಳು ಕ್ಲೆಲಿಯಾ.

"ಸಾಧ್ಯವೇ ಇಲ್ಲ. ಕಣ್ಣಾರೆ ನೋಡಿ ಬಂದಿದೀನಿ. ನಳಿಕೆ ಮುಟ್ಟಿದ್ಯಾ?"

"ಇಲ್ಲ."

"ಪೈಪು?"

"ಅದೂ ಇಲ್ಲ."

"ಮತ್ತೆ ಯಾವ ಮೂಲೆಗೆ ಹೋಗ್ತಿಲ್ಲ?"



"ಯಾವ ಮೂಲೆ ಅಂದ್ರೆ ನೀನು ಹೊರಟು ಬರ್ತೀಯ?"

ನಾನು ಒಲೆ ಆರಿಸಿದೆ.

"ಯಾವುದಾದ್ರೂ ಸರಿ," ಎಂದೆ. "ಒಂದು ಹೇಳು."