ಕೆಂಪು ಚೀಟಿಯ ದಾದಾಪೀರ

ಬೆಟಗೇರಿಯ ದಾದಾಪೀರರು ಸಪಾಟಾದ ಡಾಂಬರು ರಸ್ತೆಯ ಮೇಲೂ ಕಾಲು ಅಗಲಿಸಿ, ನೆಲ ಯಾವ ಕ್ಷಣದಲ್ಲಾದರೂ ವಾಲೀತು ಎಂಬ ಶಂಕೆಯಲ್ಲೇ ನಡೆಯುತ್ತಾರೆ. ಇಪ್ಪತ್ತೆರಡು ವರ್ಷ ಹಡಗಿನಲ್ಲಿದ್ದವರು. ಅದೂ ಎಂಥ ಹಡಗು, ಬಂದರಿನ ಹಂಗಿಲ್ಲದೆ ದಂಡೆಗೇ ಮೂತಿ ತಾಗಿಸಿ, ಬಾಯಿ ತೆರೆದು, ಸೈನಿಕರನ್ನೂ ಟ್ಯಾಂಕುಗಳನ್ನೂ ಮರಳಿಗಿಳಿಸುವ ಯುದ್ಧನೌಕೆ. ಸಮುದ್ರ ಕಾಣದ ನಮ್ಮ ಎರಿಭೂಮಿಯವರನ್ನು ನಂಬಿಸಲು ಚಹಾದ ಬಸಿಯನ್ನು ಮೇಜಿನಂಚಿಗೆ ಜಾರಿಸಿ ತೋರಿಸುತ್ತಾರೆ.

ಈಗ ಅವರದು ಮೋಟಾರ್ ಸ್ಟಾರ್ಟರ್, ಮಿಕ್ಸರ್ ರಿಪೇರಿಯ ಸಣ್ಣ ಅಂಗಡಿ. ಏಪ್ರಿಲ್ ಬಿಸಿಲಿನಲ್ಲೂ ಮೈಮೇಲೆ ಹಡಗಿನ ಕಾಲದ ನೀಲಿ ಕೋಟು, ಅದರ ಜೇಬಿನ ತುಂಬ ಕೆಂಪು ಚೀಟಿಗಳು. ಯಾವುದೇ ಯಂತ್ರದಿಂದ ಒಂದು ರಿಲೇ ಬಿಚ್ಚಿದರೂ ಆ ಖಾಲಿ ಜಾಗಕ್ಕೆ ತಕ್ಷಣ ಕೆಂಪು ಚೀಟಿ: ಏನು ತೆಗೆದೆ, ಎಲ್ಲಿಗೆ ಹೋಯಿತು. ಅದನ್ನು ಕಟ್ಟದೆ ನೀರೂ ಕುಡಿಯರು. “ಚಾಚಾ, ಸ್ಕ್ರೂಗೂ ಜಾತಕಾ ಬರೀತೀರೇನ್ರಿ?” ಎಂದು ಎದುರಂಗಡಿಯ ವೀರೇಶ ಚೇಷ್ಟೆ ಮಾಡಿದರೆ ನಗುವುದಿಲ್ಲ. ಈ ಶಿಸ್ತನ್ನು ನಾನೂ ಹತ್ತು ಕಡೆ ಹೊಗಳಿದ್ದೇನೆ. ಕಾರಣ ತಿಳಿದದ್ದು ಕಳೆದ ವರ್ಷ, ಇಬ್ಬರೂ ಮುಂಡರಗಿಗೆ ಹೊರಟ ಬಸ್ಸಿನಲ್ಲಿ, ಅವರ ಬಾಯಿಂದಲೇ.

ಆ ಹಡಗುಗಳು ಹಳೆಯವು; ಅವುಗಳ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ತಯಾರಿಸುವವರೇ ಉಳಿದಿರಲಿಲ್ಲ. ಒಂದಕ್ಕೆ ಬೇಕಾದರೆ, ದುರಸ್ತಿಗೆ ನಿಂತ, ಅದೇ ಮಾದರಿಯ ಜೋಡಿ ಹಡಗಿನಿಂದ ಕಿತ್ತು ತರುವುದು, ಕಿತ್ತಲ್ಲಿ ಕೆಂಪು ಚೀಟಿ ತೂಗುಹಾಕುವುದು ಪದ್ಧತಿ. ಜೋಡಿ ಹಡಗಿನ ಎಲೆಕ್ಟ್ರಿಷಿಯನ್ ಮುಂಡರಗಿಯ ಮಹಾದೇವ, ಗೆಳೆಯ. ಅಂದು ಸಂಜೆ ದಾದಾಪೀರರ ಹಡಗು ಹೊರಡಬೇಕು. ಮುಂಬಾಗಿಲು ಇಳಿಯುವ ಮುನ್ನ ಎಚ್ಚರಿಕೆಯ ಗಂಟೆ ಬಾರಿಸುವ ಎಲೆಕ್ಟ್ರಾನಿಕ್ ಬೋರ್ಡು ಸುಟ್ಟುಹೋಗಿತ್ತು. “ನಮ್ಮದ ಬಿಚ್ಚಿಕೊಂಡು ಹೋಗಲೇ, ಚೀಟಿ ಮಾತ್ರ ಮರೀಬ್ಯಾಡ,” ಎಂದು ಮಹಾದೇವ ಊಟಕ್ಕೆ ನಡೆದ. ಬೋರ್ಡು ಬಂತು, ಅವಸರದಲ್ಲಿ ಚೀಟಿ ಈ ಕೋಟಿನ ಜೇಬಿನಲ್ಲೇ ಉಳಿಯಿತು. ಚೀಟಿ ಕಂಡವರು ಬಾಗಿಲು ಮುಟ್ಟಲಾರರೆಂಬ ನಂಬಿಕೆಯಿಂದ ಮಹಾದೇವ ಮರುದಿನ ಅದರ ಕೆಳಗೆ ಕೆಲಸಕ್ಕಿಳಿದ. ಯಾರೋ ಬಾಗಿಲು ಇಳಿಸಿದರು. ಗಂಟೆ ಮೊಳಗಲಿಲ್ಲ.

ಬೋರ್ಡು ತೆಗೆದವನೂ ಚೀಟಿ ಮರೆತವನೂ ಸತ್ತವನೇ ಎಂದು ವಿಚಾರಣೆಯಲ್ಲಿ ಬರೆದುಕೊಂಡರು. ದಾದಾಪೀರರು ಸುಮ್ಮನಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ನಿಜ. ಆದರೆ ಬಾಯಿ ಬರಲಿಲ್ಲ.

“ಇವತ್ತ ಹೇಳಿಬಿಡ್ತೇನ್ರಿ, ನೀವು ಬಾಜೂಕ ಕುಂಡ್ರಿ ಸಾಕು,” ಎಂದರು ದಾದಾಪೀರರು, ಬಸ್ಸಿಳಿಯುತ್ತ. ಮನೆಯಲ್ಲಿ ಮಹಾದೇವನ ಹೆಂಡತಿ ಹನಮಂತವ್ವ ನಮಗೆ ರೊಟ್ಟಿ ಬಡಿಸುತ್ತ ತಾನೇ ಮಾತು ತೆಗೆದಳು: “ನಮ್ಮವರದ ತಪ್ಪಂತ ಅಣ್ಣಾ. ಒಂದ ಚೀಟಿ ಹಾಕಿದ್ರ ಜೀವ ಉಳೀತಿತ್ತು. ಮಗಳಿಗೂ ಹಂಗ ಹೇಳೇ ಬೆಳಿಸೀನಿ, ಅಪ್ಪನಂಗ ಮೈಮರೀಬ್ಯಾಡ ಅಂತ.”

ದಾದಾಪೀರರ ಕೈ ಕೋಟಿನ ಜೇಬಿಗೆ ಹೋಯಿತು. “ಮಹಾದೇವ ಮೈಮರೆಯೋನಲ್ಲವ್ವ,” ಎಂದರು.

“ನೀವು ಗೆಳ್ಯಾರು. ಹಂಗ ಅಂತೀರಿ,” ಎಂದು ಆಕೆ ಇನ್ನೊಂದು ರೊಟ್ಟಿ ಹಾಕಿದಳು. ಅವರು ಅದನ್ನು ತಿಂದರು. ಪಕ್ಕದಲ್ಲಿ ಕೂತ ನಾನೂ ತಿಂದೆ. ಅವರ ಮೇಲೆ ಬಂದಷ್ಟೇ ಸಿಟ್ಟು ನನಗೆ ನನ್ನ ಮೇಲೂ ಬಂತು, ಆದರೂ ಬಾಯಿ ಬಿಡಲಿಲ್ಲ.

ಒಂದು ತಪ್ಪನ್ನು ಒಪ್ಪಿಕೊಳ್ಳಲಾರದ ಇಂಥವರು ಉಳಿದ ಆಯುಷ್ಯವನ್ನೆಲ್ಲ ಸಾವಿರ ಕೆಲಸಗಳನ್ನು ತಪ್ಪಿಲ್ಲದೆ ಮಾಡುವುದರಲ್ಲಿ ಕಳೆಯುತ್ತಾರೆ. ಆ ಶಿಸ್ತನ್ನು ಊರು ಕೊಂಡಾಡುತ್ತದೆ. ಅತ್ತ ಹೆಣ್ಣುಮಗಳೊಬ್ಬಳು, ತಪ್ಪೇ ಮಾಡದ ಗಂಡನನ್ನು ಮಗಳ ಮುಂದೆ ಬಯ್ಯುತ್ತಲೇ ಇರುತ್ತಾಳೆ.